ಕಲ್ಲಿನಡಿ ಸಿಕ್ಕ ಹುಳು ಹೊಸ ಪ್ರಭೇದವಾ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಸಮುದ್ರದ ನೀರು ಇಳಿದಾಗ ಕಲ್ಲಿನಡಿ ಒಂದು ಹಸಿರು ಹುಳು ಸಿಕ್ಕಿತು. ಮೈಯ ಎರಡೂ ಪಕ್ಕದಲ್ಲಿ ಪುಟ್ಟ ಕಾಲುಗಳ ಸಾಲು, ತಲೆ ಮೇಲೆ ನಾಲ್ಕು ಕಣ್ಣು. ಯಾವ ಚಿತ್ರಕ್ಕೂ ಹೊಂದುತ್ತಿಲ್ಲ. ಇದು ಹೊಸ ಪ್ರಭೇದ ಇರಬಹುದಾ? ಅಮ್ಮನ ಹೆಸರು ಇಡಬಹುದಾ?

ಉತ್ತರ: ಇರಬಹುದು. ಆದರೆ ಫೋಟೊ ನೋಡಿ ಹೌದು ಅಂತಲೂ ಅಲ್ಲ ಅಂತಲೂ ಹೇಳಲಾಗದು. ನಿಮ್ಮ ವಿವರ ನೋಡಿದರೆ ಅದು ಪಾಲಿಕೀಟ್ (ಮೈಗೆ ಬಿರುಗೂದಲಿರುವ, ಹೆಚ್ಚಾಗಿ ಸಮುದ್ರದಲ್ಲಿರುವ ಹುಳುಗಳು) ಗುಂಪಿನ ನೆರೀಡಿಡೇ ಕುಟುಂಬದ್ದು ಅನಿಸುತ್ತದೆ. ಪಾಲಿಕೀಟ್‌ಗಳಲ್ಲಿ ಈಗಾಗಲೇ ಹೆಸರು ಪಡೆದವು 11 ಸಾವಿರಕ್ಕೂ ಜಾಸ್ತಿ. ಬಣ್ಣ ನಂಬಬೇಡಿ, ಆಲ್ಕೋಹಾಲಿಗೆ ಹಾಕಿದರೆ ಅದು ಹೋಗಿಬಿಡುತ್ತದೆ.

ನೋಡಬೇಕಾದದ್ದು ಗಂಟಲು. ಈ ಹುಳುಗಳಲ್ಲಿ ನನಗೆ ತುಂಬಾ ಇಷ್ಟದ ಭಾಗ ಅದೇ. ಹುಳು ಗಂಟಲನ್ನು ಹೊರಕ್ಕೆ ಮಗುಚಿ ಚಾಚುತ್ತದೆ. ತುದಿಯಲ್ಲಿ ಒಂದು ಜೊತೆ ದವಡೆ, ಸುತ್ತಲೂ ಪ್ಯಾರಗ್ನಾತ್ ಎಂಬ ಸಣ್ಣ ಗಟ್ಟಿ ಮೊನೆಗಳು. ಗಂಟಲನ್ನು ಎಂಟು ಭಾಗ ಮಾಡಿ, ಯಾವ ಭಾಗದಲ್ಲಿ ಎಷ್ಟು ಮೊನೆ, ಯಾವ ಆಕಾರ ಅಂತ ಬರೆದುಕೊಳ್ಳುತ್ತೇವೆ. ಆರನೇ ಭಾಗದಲ್ಲಿ ಅಡ್ಡಪಟ್ಟಿಯಂಥ ಮೊನೆ ಕಂಡರೆ ಪೆರಿನೆರೆಯಿಸ್ ಜೀನಸ್ (ಹತ್ತಿರದ ಪ್ರಭೇದಗಳ ಗುಂಪು) ಇರಬಹುದು ಅಂತ ಮೊದಲು ಅನುಮಾನ ಬರುತ್ತದೆ. ಆಮೇಲೆ ಮುಂದಿನಿಂದ, ನಡುವಿನಿಂದ, ಹಿಂದಿನಿಂದ ಒಂದೊಂದು ಕಾಲು ಕತ್ತರಿಸಿ ಸ್ಲೈಡಿಗೆ ಹಾಕಿ, ಅದರ ಬಿರುಗೂದಲುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕೂದಲಿನ ತುದಿ ಗಿಡ್ಡವಾಗಿ ಬಾಗಿದೆಯೋ, ಉದ್ದಕ್ಕೆ ಚೂಪಾಗಿದೆಯೋ ಅನ್ನುವುದು ಮುಖ್ಯ.

ಜೀವಂತ ಹುಳುವನ್ನು ನೇರ ಆಲ್ಕೋಹಾಲಿಗೆ ಹಾಕಿದರೆ ಸುರುಟಿಕೊಂಡು ಗಂಟಲನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ ಮಂಪರು ಬರಿಸಿ. ಬಾಲದ ತುಂಡೊಂದನ್ನು ಡಿಎನ್‌ಎ ಪರೀಕ್ಷೆಗೆಂದು 95% ಆಲ್ಕೋಹಾಲಿನಲ್ಲಿಡಿ. ಉಳಿದದ್ದು ಫಾರ್ಮಲಿನ್‌ಗೆ, ತೊಳೆದ ಮೇಲೆ 70% ಆಲ್ಕೋಹಾಲಿಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಕೆಡುತ್ತದೆ. ಜಾಗ, ತಾರೀಖು, ಕಲ್ಲೋ ಮರಳೋ ಅನ್ನುವುದನ್ನು ಪೆನ್ಸಿಲಿನಲ್ಲಿ ಬರೆದು ಚೀಟಿಯನ್ನು ಬಾಟಲಿಯೊಳಗೇ ಹಾಕಿ. ಚೀಟಿ ಇಲ್ಲದ ಹುಳು ಎಷ್ಟೇ ಅಪರೂಪದ್ದಾದರೂ ಕೆಲಸಕ್ಕೆ ಬರುವುದು ಕಷ್ಟ.

ಒಂದೇ ಹುಳು ನೋಡಿ ತೀರ್ಮಾನಿಸಬೇಡಿ. ನೆರೀಡಿಡೇಯ ಎಷ್ಟೋ ಹುಳುಗಳು ಮೊಟ್ಟೆ ಇಡುವ ಕಾಲಕ್ಕೆ ರೂಪ ಬದಲಿಸುತ್ತವೆ. ಕಣ್ಣು ದೊಡ್ಡದಾಗುತ್ತದೆ, ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗುತ್ತವೆ. 19ನೇ ಶತಮಾನದಲ್ಲಿ ಈ ರೂಪವನ್ನು ಬೇರೆ ಪ್ರಾಣಿ ಅಂದುಕೊಂಡು ಹೆಟೆರೊನೆರೆಯಿಸ್ ಅಂತ ಹೊಸ ಜೀನಸ್ಸನ್ನೇ ಮಾಡಿದ್ದರು. ಇದರ ತದ್ವಿರುದ್ಧವೂ ಆಗಿದೆ. ಕೊಳಕು ನೀರಿನ ಗುರುತಾಗಿ ಎಲ್ಲೆಲ್ಲೂ ಬಳಸುತ್ತಿದ್ದ ಕ್ಯಾಪಿಟೆಲ್ಲ ಕ್ಯಾಪಿಟಾಟ ಎಂಬ ಇನ್ನೊಂದು ಪಾಲಿಕೀಟ್ ಹುಳು ಒಂದೇ ಪ್ರಭೇದ ಅಂದುಕೊಂಡಿದ್ದರು. ಅದು ನೋಡಲು ಒಂದೇ ಥರ ಇರುವ ಆರು ಪ್ರಭೇದ ಅಂತ 1976ರಲ್ಲಿ ವಿಜ್ಞಾನಿಗಳಾದ ಗ್ರಾಸಲ್ ದಂಪತಿ ತೋರಿಸಿದರು.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಹತ್ತಿರದ ಪ್ರಭೇದಗಳ ಮೊದಲ ವಿವರಣೆ ಹುಡುಕಿ ಓದಬೇಕು. ಹಳೆಯವು ಎಷ್ಟೋ ಸಲ ಮೂರೇ ಸಾಲು ಇರುತ್ತವೆ. ಆಗ ಮ್ಯೂಸಿಯಮ್ಮಿನಲ್ಲಿರುವ ಮೂಲ ಮಾದರಿಯನ್ನೇ ನೋಡಬೇಕು. ಪುಸ್ತಕದ ಚಿತ್ರಕ್ಕೆ ಹೊಂದಲಿಲ್ಲ ಅಂತ ಹೊಸ ಹೆಸರು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ಬರುವವರು ಅದನ್ನು ಬಿಡಿಸುತ್ತಾ ಕೂರಬೇಕಾಗುತ್ತದೆ, ಅಲ್ವಾ?

ಇನ್ನು ಹೆಸರು. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಿವರಣೆ ಪ್ರಕಟವಾಗಬೇಕು, ಹೆಸರಿಗೆ ಆಧಾರವಾಗಿ ಹೋಲೋಟೈಪ್ ಅಂತ ಒಂದು ಮಾದರಿಯನ್ನು ಗುರುತಿಸಿ ಸಂಗ್ರಹಾಲಯಕ್ಕೆ ಕೊಡಬೇಕು. ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಝೂಬ್ಯಾಂಕ್ (ಪ್ರಾಣಿಗಳ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆ) ನೋಂದಣಿಯೂ ಬೇಕು. ಅಮ್ಮನ ಹೆಸರು ಧಾರಾಳವಾಗಿ ಇಡಬಹುದು. ಲ್ಯಾಟಿನ್ ರೀತಿಯಲ್ಲಿ ಅದಕ್ಕೊಂದು ಪ್ರತ್ಯಯ ಸೇರಿಸಿದರೆ ಸಾಕು. ನಿಮ್ಮ ಹೆಸರನ್ನೇ ಇಡುವುದು ರೂಢಿಯಲ್ಲಿಲ್ಲ. ವಿವರಣೆ ಬರೆದವರಾಗಿ ನಿಮ್ಮ ಹೆಸರು ಹುಳುವಿನ ಹೆಸರಿನ ಪಕ್ಕದಲ್ಲಿ ಹೇಗೂ ಬರುತ್ತದೆ.