ವಿಟಮಿನ್ ಇ ಹೆಚ್ಚಾದರೆ ವಿಟಮಿನ್ ಕೆಯ ಗತಿಯೇನು?

ಪ್ರಶ್ನೆ: ನನಗೆ 62 ವರ್ಷ. ಹೃದಯದ ಕವಾಟ ಬದಲಿಸಿದಂದಿನಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುತ್ತಿದ್ದೇನೆ. ಚರ್ಮಕ್ಕೆ ಒಳ್ಳೆಯದೆಂದು ಕೇಳಿ ಎರಡು ತಿಂಗಳಿನಿಂದ ದಿನಕ್ಕೊಂದು 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಕ್ಯಾಪ್ಸೂಲನ್ನೂ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತಿದೆ. ವಿಟಮಿನ್ ಇ, ವಿಟಮಿನ್ ಕೆಯ ಕೆಲಸಕ್ಕೆ ಅಡ್ಡಿಯಾಗುತ್ತದೆಯೇ? ಜೊತೆಗೆ ಕೆ ಮಾತ್ರೆಯನ್ನೂ ಸೇರಿಸಿಕೊಂಡರೆ ಸರಿಹೋಗುವುದೇ?

ಉತ್ತರ: ದಯವಿಟ್ಟು ಇಂದೇ ನಿಮ್ಮ ವೈದ್ಯರಿಗೆ ಕ್ಯಾಪ್ಸೂಲಿನ ವಿಷಯ ತಿಳಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಬೇಕೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಳ್ಳಿ. ವಾರ್ಫರಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವುದು ಒಸಡಿನ ರಕ್ತಸ್ರಾವಕ್ಕಿಂತ ಎಷ್ಟೋ ಅಪಾಯಕಾರಿ. ಮಲ ಕಪ್ಪಾದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಡ್ಡಿಯಾಗುವುದು ನಿಜ, ಆದರೆ ಪ್ರಮಾಣ ಹೆಚ್ಚಾದಾಗ. ಯಕೃತ್ತು ತಯಾರಿಸುವ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ರೋಥ್ರಾಂಬಿನ್ ಎಂಬ ಪ್ರೋಟೀನ್ ಮತ್ತು 7, 9, 10ನೆಯ ಹೆಪ್ಪುಗಟ್ಟಿಸುವ ಅಂಶಗಳು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳಬಲ್ಲಂತೆ ಸಿದ್ಧವಾಗಲು ವಿಟಮಿನ್ ಕೆ ಬೇಕೇ ಬೇಕು. ಒಮ್ಮೆ ಬಳಕೆಯಾದ ಕೆಯನ್ನು ದೇಹ ಮತ್ತೆ ಮೊದಲಿನ ರೂಪಕ್ಕೆ ತಂದು ಬಳಸಿಕೊಳ್ಳುತ್ತದೆ. ವಾರ್ಫರಿನ್ ತಡೆಯುವುದು ಈ ಮರುಬಳಕೆಯನ್ನೇ. ಇತ್ತ ವಿಟಮಿನ್ ಇ ಉತ್ಕರ್ಷಣಗೊಂಡಾಗ ಉಂಟಾಗುವ ಟೋಕೋಫೆರಾಲ್ ಕ್ವಿನೋನ್ ರಚನೆಯಲ್ಲಿ ವಿಟಮಿನ್ ಕೆಯನ್ನು ಹೋಲುವುದರಿಂದ, ಕೆಯ ನೆರವಿನಿಂದ ನಡೆಯುವ ಕಿಣ್ವಕ್ರಿಯೆಯನ್ನು ಅದು ಕುಂಠಿತಗೊಳಿಸಬಲ್ಲದು. ಇದಲ್ಲದೆ ಹೆಚ್ಚಿನ ವಿಟಮಿನ್ ಇ ರಕ್ತದ ಕಿರುಬಿಲ್ಲೆಗಳು (ಪ್ಲೇಟ್ಲೆಟ್) ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ತಗ್ಗಿಸುತ್ತದೆ.

ವಾರ್ಫರಿನ್ ಸೇವಿಸದ ವಯಸ್ಕರಿಗೆ 12 ವಾರ ದಿನಕ್ಕೆ 1000 ಐಯು ವಿಟಮಿನ್ ಇ ಕೊಟ್ಟು ನಡೆಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರೆಬರೆಯಾಗಿ ಸಿದ್ಧಗೊಂಡ ಪ್ರೋಥ್ರಾಂಬಿನ್ ರಕ್ತದಲ್ಲಿ ಹೆಚ್ಚಾದುದು ಕಂಡುಬಂದಿತು; ಅಂದರೆ ಕೆಯ ಕೆಲಸ ಕುಂಠಿತವಾಗಿತ್ತು. ನಿಮ್ಮ ಪ್ರಮಾಣ ಅದಕ್ಕಿಂತ ಕಡಿಮೆಯೇನೋ ಹೌದು, ಆದರೆ ನಿಮ್ಮ ದೇಹದಲ್ಲಿ ಕೆಯ ಮರುಬಳಕೆಯನ್ನು ವಾರ್ಫರಿನ್ ಈಗಾಗಲೇ ತಡೆದಿದೆ. ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಇ ಸುಮಾರು 15 ಮಿ.ಗ್ರಾಂ.; ನೈಸರ್ಗಿಕ ರೂಪದ 400 ಐಯು ಎಂದರೆ ಸುಮಾರು 268 ಮಿ.ಗ್ರಾಂ. ಆಹಾರದಿಂದ ಇಷ್ಟು ದೊರೆಯುವುದು ಸಾಧ್ಯವೇ ಇಲ್ಲವೆನ್ನಬಹುದು, ಹಾಗಾಗಿ ವಿಟಮಿನ್ ಇ ಇರುವ ಎಣ್ಣೆಕಾಳುಗಳಿಗೆ ನೀವು ಹೆದರಬೇಕಿಲ್ಲ.

ಕೆ ಮಾತ್ರೆಯನ್ನು ಖಂಡಿತ ಸೇರಿಸಿಕೊಳ್ಳಬೇಡಿ. ಅದು ವಿಟಮಿನ್ ಇಯ ಪರಿಣಾಮವನ್ನಷ್ಟೇ ಸರಿದೂಗಿಸದೆ, ವಾರ್ಫರಿನ್ನಿನ ಪರಿಣಾಮವನ್ನೂ ಕುಗ್ಗಿಸುತ್ತದೆ. ಹಸಿರು ಸೊಪ್ಪನ್ನು ಬಿಡುವುದೂ ಬೇಡ, ಒಮ್ಮೆಲೇ ಹೆಚ್ಚಿಸುವುದೂ ಬೇಡ; ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ. ವಿಟಮಿನ್ ಇ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಶೇಖರವಾಗುವಂಥದು. ಆದ್ದರಿಂದ ವೈದ್ಯರ ಸಲಹೆಯಂತೆ ಕ್ಯಾಪ್ಸೂಲ್ ನಿಲ್ಲಿಸಿದ ಮೇಲೂ ಕೆಲವು ವಾರ ಐಎನ್‌ಆರ್ ಬದಲಾಗುತ್ತಿರಬಹುದು. ಆ ಅವಧಿಯಲ್ಲಿ ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕೆಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.