ಒಪ್ಪದವರ ಮುಂದೆ ಆಡುವ ಮಾತು

ಮಾನ್ಯರೇ,

‘ದೇಶ ಕೆಟ್ಟಿದ್ದೇ ಭಾಷಣದಿಂದ. ಸದನದ ಮಾತುಗಳನ್ನು ಪುಟಗಟ್ಟಲೆ ಅಚ್ಚು ಹಾಕುವುದನ್ನು ಬಿಟ್ಟು ಆದ ಕೆಲಸದ ಸುದ್ದಿ ಕೊಡಿ’ ಎಂದು ಬರೆದಿದ್ದೀರಿ. ಸದನದ ಬಾವಿಗಿಳಿದು ಕೂಗಾಡುವವರನ್ನು ಟಿವಿಯಲ್ಲಿ ನೋಡಿ ನೋಡಿ ಯಾರಿಗಾದರೂ ರೋಸಿಹೋಗುತ್ತದೆ, ನಿಜ. ಆದರೂ ನಿಮ್ಮ ಸಲಹೆಯನ್ನು ಒಪ್ಪಲಾರೆ. ಒಪ್ಪದವರನ್ನು ಮಾತಿನಿಂದ ಒಲಿಸಿಕೊಳ್ಳುವುದೂ ಪ್ರಜಾಪ್ರಭುತ್ವದಲ್ಲಿ ಕೆಲಸವೇ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ.

1946ರ ಡಿಸೆಂಬರ್ 17ರಂದು ಸಂವಿಧಾನ ಸಭೆಯಲ್ಲಿ ನಡೆದದ್ದನ್ನು ನೋಡಿ. ನೆಹರೂ ಮಂಡಿಸಿದ್ದ, ಸಂವಿಧಾನದ ಗುರಿಗಳನ್ನು ಸಾರುವ ಧ್ಯೇಯ ನಿರ್ಣಯದ ಮೇಲೆ ಚರ್ಚೆ. ಮುಸ್ಲಿಂ ಲೀಗ್ ಸಭೆಗೆ ಬಂದಿರಲಿಲ್ಲ. ಅವರೂ ಸಂಸ್ಥಾನಗಳವರೂ ಬರುವ ತನಕ ನಿರ್ಣಯ ಮುಂದೂಡಿ ಎಂದು ಸದಸ್ಯ ಎಂ.ಆರ್. ಜಯಕರ್ ತಿದ್ದುಪಡಿ ತಂದಿದ್ದರು. ಆಗ ಅಧ್ಯಕ್ಷ ರಾಜೇಂದ್ರ ಪ್ರಸಾದ್ ಅಂಬೇಡ್ಕರ್ ಹೆಸರು ಕರೆದರು. ಪಟ್ಟಿಯಲ್ಲಿ ತಮಗಿಂತ ಮುಂದೆ 20–22 ಜನ ಇದ್ದಾರೆ, ತಯಾರಿ ಇಲ್ಲದೆ ಬಂದಿದ್ದೇನೆ ಎಂದೇ ಅವರು ಎದ್ದು ನಿಂತರು. ಎದುರಿಗೆ ಕೂತಿದ್ದವರಲ್ಲಿ ಹೆಚ್ಚಿನವರು ಕಾಂಗ್ರೆಸ್ಸಿಗರು. ಅಂಬೇಡ್ಕರ್ ವರ್ಷಗಟ್ಟಲೆ ಎದುರಿಸಿಕೊಂಡು ಬಂದಿದ್ದ ಪಕ್ಷದವರು.

ನಿರ್ಣಯದಲ್ಲಿ ಹಕ್ಕುಗಳಿವೆ, ಹಕ್ಕು ತಪ್ಪಿದರೆ ಪರಿಹಾರ ಎಲ್ಲಿದೆ ಎಂದು ಮುಲಾಜಿಲ್ಲದೆ ಕೇಳಿದರು. ಹಾಗೆ ಕೇಳಿದವರೇ, ನಾವಿಂದು ಕಾದಾಡುವ ಬಣಗಳು, ಅಂಥದೊಂದು ಬಣದ ನಾಯಕರಲ್ಲಿ ನಾನೂ ಒಬ್ಬನಿರಬಹುದು ಎಂದರು. ಘೋಷಣೆಗಳನ್ನು, ಜನರನ್ನು ಹೆದರಿಸುವ ಪದಗಳನ್ನು ಬದಿಗಿಡೋಣ, ಎದುರಾಳಿಗಳ ಪೂರ್ವಗ್ರಹಕ್ಕೂ ಒಂದಿಷ್ಟು ಜಾಗ ಕೊಡೋಣ ಎಂದರು. ನಿರ್ಣಯ ಪಾಸು ಮಾಡುವ ಅಧಿಕಾರ ನಿಮಗಿದೆ, ಈಗಲೇ ಮಾಡುವುದು ವಿವೇಕವೇ ಎಂಬ ಪ್ರಶ್ನೆಯನ್ನು ಬಹುಮತದವರ ಮುಂದೆಯೇ ಇಟ್ಟರು.

ನಿರ್ಣಯ ಅಂಗೀಕಾರವಾದದ್ದು ಮರುವರ್ಷದ ಜನವರಿ 22ಕ್ಕೆ. ಲೀಗ್ ಆಗಲೂ ಬಂದಿರಲಿಲ್ಲ, ದೇಶ ಒಡೆಯಿತು. ಹಾಗೆಂದು ಆ ಮಾತು ದಂಡವಾಯಿತೆನ್ನಲು ನನಗೆ ಮನಸ್ಸು ಬಾರದು. ಅಂದು ಅಂಬೇಡ್ಕರ್ ಕೇಳಿದ ಪರಿಹಾರ ಸಂವಿಧಾನದ 32ನೇ ವಿಧಿಯಾಗಿ ಇವತ್ತಿಗೂ ನಮ್ಮ ಕೈಯಲ್ಲಿದೆ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೀವು ನೇರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬಹುದು.

ಈಗ ಭಾಷಣಕ್ಕೇನೂ ಬರವಿಲ್ಲ. ಆದರೆ ಅದರಲ್ಲಿ ಹೆಚ್ಚಿನದು ತಮ್ಮವರ ಚಪ್ಪಾಳೆಗೆಂದೇ ಆಡಿದ್ದು. ಅರ್ಧ ನಿಮಿಷದ ವಿಡಿಯೊ ಆಗಿ ಮೊಬೈಲಿಂದ ಮೊಬೈಲಿಗೆ ಹರಿದರೆ ಅದರ ಕೆಲಸ ಮುಗಿಯಿತು. ಎದುರು ಬೆಂಚಿನವರು ಏನೆಂದರು ಎಂದು ಯಾರೂ ಕೇಳುವುದಿಲ್ಲ. ಈ ವಿಷಯದಲ್ಲಿ ನಿಮ್ಮ ಸಿಟ್ಟು ನನ್ನದೂ ಹೌದು. ಅದಕ್ಕೇ ಸದನದ ಪುಟಗಳನ್ನು ಉಳಿಸಿಕೊಂಡು, ಮುಂದಿನ ಸಂಚಿಕೆಯಿಂದ ಪ್ರತಿ ಭಾಷಣದ ಪಕ್ಕದಲ್ಲೇ ಅದಕ್ಕೆ ಬಂದ ಉತ್ತರವನ್ನೂ ಅಚ್ಚು ಹಾಕುತ್ತೇವೆ.

— ಸಂಪಾದಕ