ಪ್ರತಿಕ್ರಿಯೆ: ಮಳೆಗೆ ಬಾವಿ ನೀರು ಕದಡಿ ಮಕ್ಕಳಿಗೆ ಭೇದಿ

ಜೋರು ಮಳೆಯಾದ ಮೂರೇ ದಿನಕ್ಕೆ ಬಾವಿ ನೀರು ಕದಡಿ ಮಕ್ಕಳಿಗೆ ಭೇದಿ ಶುರುವಾಗಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹಾಗಾಗಿದೆ ಅಂದರೆ, ಅಂಗಳದ ಕೊಳೆನೀರು ಬಾವಿಗೆ ಇಳಿದಿರಬೇಕು. ನಿಮ್ಮದು ಮುರಕಲ್ಲಿನ ನೆಲ ಅಲ್ವಾ? ಅದರಲ್ಲಿ ತೂತು ಜಾಸ್ತಿ, ನೀರು ಸರಿಯಾಗಿ ಸೋಸದೆ ಹಾಗೇ ಒಳಗೆ ಬರುತ್ತದೆ. ಪಾಯಿಖಾನೆ ಗುಂಡಿಯದ್ದೂ ಸೇರಿದೆಯೋ ಇಲ್ಲವೋ, ಬರೀ ಕಣ್ಣಲ್ಲಿ ನೋಡಿ ಹೇಳಲಾಗದು.

ಇವತ್ತಿನಿಂದಲೇ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ. ಮಕ್ಕಳಿಗೆ ಓಆರ್‌ಎಸ್ ಕೊಡುತ್ತಾ ಡಾಕ್ಟರಿಗೆ ತೋರಿಸಿ.

ಬಾವಿಯ ಕೆಸರು ತಳಕ್ಕೆ ಕೂರಲಿ. ಕದಡಿದ ನೀರಿಗೆ ಕ್ರಿಮಿ ಕೊಲ್ಲುವ ಬ್ಲೀಚಿಂಗ್ ಪೌಡರ್ ಹಾಕಿದರೆ ಸುಮ್ನೆ ದಂಡ. ಹಾಗಂತ ಪಂಪ್ ಹಚ್ಚಿ ಪೂರ್ತಿ ಬರಿದು ಮಾಡಬೇಡಿ, ನೆಲ ನೆಂದಿರುವಾಗ ಬಾವಿ ಕುಸಿಯಬಹುದು.

ನೀರು ತಿಳಿಯಾದ ಮೇಲೆ ಪೌಡರ್ ಹಾಕಿ; ಲೆಕ್ಕ 1000 ಲೀಟರಿಗೆ 2.5 ಗ್ರಾಂ. ನೀವು ಹೇಳಿದ 2 ಮೀಟರ್ ಅಗಲದ ದುಂಡು ಬಾವಿ, 4 ಮೀಟರ್ ಆಳ ನೀರು ಅಂದರೆ ಸುಮಾರು 12,500 ಲೀಟರ್, 31 ಗ್ರಾಂ ಸಾಕು. ಹೊಲಸು ಸೇರಿರುವುದರಿಂದ ನಾನಾದರೆ 60 ಹಾಕುತ್ತೇನೆ. ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಿ, ಮುಕ್ಕಾಲು ಭಾಗ ನೀರು ತುಂಬಿಸಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿ ಮಾತ್ರ ಬಾವಿಗೆ ಹಾಕಿ. ತಳದ ಸುಣ್ಣ ಬಿದ್ದರೆ ನೀರು ಗಡಸಾಗುತ್ತದೆ. ಕೊಡಪಾನ ಇಳಿಸಿ ಚೆನ್ನಾಗಿ ಕಲಕಿ. ರಾತ್ರಿ ಹಾಕಿ, ಬೆಳಿಗ್ಗೆ ಸೇದಿ. ಬಾಯಿ ತೆರೆದಿಟ್ಟ ಹಳೇ ಪೊಟ್ಟಣ ಬೇಡ, ಕಸುವು ಹೋಗಿರುತ್ತದೆ.

ಎರಡು ವಾರ ಬಿಟ್ಟು ಪಂಚಾಯಿತಿಯಲ್ಲಿ ಎಚ್‌ಟುಎಸ್ ಬಾಟಲಿ (ನೀರಿಗೆ ಮಲದ ಕೊಳೆ ಸೇರಿದೆಯೇ ಎಂದು ನೋಡುವ ಬಾಟಲಿ) ಕೇಳಿ ಪರೀಕ್ಷಿಸಿ. ಬಾಟಲಿಯ ನೀರು ಕಪ್ಪಾದರೆ ಕೊಳೆ ಇನ್ನೂ ಸೇರುತ್ತಿದೆ, ಮೊದಲು ಪಾಯಿಖಾನೆ ಗುಂಡಿ ನೋಡಿಸಿ. ಪರೀಕ್ಷೆ ಸರಿ ಬರುವವರೆಗೆ ಕುದಿಸುವುದನ್ನು ಬಿಡಬೇಡಿ.